ಕಚ್ಚಾ ಚಿತ್ರಕ್ಕೊಂದು ಮನೆ

ಕ್ಯಾಮರಾ ಕೊಂಡವನ ಖರ್ಚು ಕ್ಯಾಮರಾದೊಡನೆ ಮುಗಿಯುವುದಿಲ್ಲವೆಂಬುದನ್ನು ಅಂಗಡಿಯವರು ಮೊದಲೇ ಹೇಳುವುದಿಲ್ಲ. ಹೊಸ ಅಳಿಯನಿಗೆ ಹಬ್ಬ ಹಬ್ಬಕ್ಕೂ ಉಡುಗೊರೆ ಕೊಡಬೇಕಾಗುವಂತೆ, ಅದಕ್ಕೊಂದು ಚೀಲ, ಅದಕ್ಕೊಂದು ಲೆನ್ಸು, ಅದಕ್ಕೊಂದು ಸ್ಟ್ಯಾಂಡು ಎಂದು ವರ್ಷವೆಲ್ಲ ಜೇಬು ತಡವಿಕೊಳ್ಳುತ್ತಲೇ ಇರಬೇಕು. ಇವೆಲ್ಲವನ್ನೂ ಒದಗಿಸಿ, ಇನ್ನು ನಿಶ್ಚಿಂತನಾದೆನೆಂದು ನಾನು ಉಸಿರು ಬಿಡುವಷ್ಟರಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು ಹೊಸದೊಂದು ಚಿಂತೆಯನ್ನು ಹಚ್ಚಿಹೋದನು.

“ಸಾರ್, ಇನ್ನು ಮೇಲೆ ಜೆಪೆಗ್‌ನಲ್ಲಿ ತೆಗೆಯೋದು ಬಿಡಿ. ರಾ ತೆಗೀರಿ, ರಾ!”

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮನೆಗಳಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ಒಳಗಿದ್ದ ನಮ್ಮ ತಾಯಿಯ ಕಿವಿಗೆ ಬಿದ್ದುದು ತೆಲುಗಿನ ‘ರಾ’.

“ಯಾರನ್ನಪ್ಪಾ ‘ರಾ, ರಾ’ ಅಂತ ಕರೀತಿದ್ದೀರಿ? ಎಷ್ಟು ಜನ ಬರ್ತಾರೆ ಅಂತ ಹೇಳಿದರೆ ಸಾರಿಗೆ ಇನ್ನೊಂದು ಹಿಡಿ ಬೇಳೆ ಹಾಕ್ತೀನಿ” ಎಂದರು.

ಇದು ಬಾ ಎಂದು ಕರೆಯುವ ‘ರಾ’ ಅಲ್ಲ, ಕಚ್ಚಾ ಎಂಬರ್ಥದ ಇಂಗ್ಲಿಷಿನ ‘ರಾ’ ಎಂದು ತಿಳಿಯಹೇಳುವುದರೊಳಗೆ ನನಗೆ ಸಾಕಾಯಿತು. ಆದರೆ ಅತಿಥಿ ಬಂದುದಂತೂ ನಿಜ. ಬಂದವನು ನಮ್ಮ ಕಂಪ್ಯೂಟರಿನ ಅರ್ಧ ಜಾಗವನ್ನು ಆಕ್ರಮಿಸಿಕೊಂಡು ‘ನನಗೊಂದು ಮನೆ ನೋಡು’ ಎಂದು ಹಟ ಹಿಡಿದನು. ಆ ಮನೆಯನ್ನು ಹುಡುಕಿದ ವೃತ್ತಾಂತವೇ ಈ ವಾರದ ಮಾತು.

ಕಚ್ಚಾ ಚಿತ್ರವೆಂದರೇನು? ಹಿಂದಿನ ಕ್ಯಾಮರಾದಲ್ಲಿ ಫಿಲ್ಮು ಇರುತ್ತಿದ್ದ ಸ್ಥಾನದಲ್ಲಿ ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಒಂದು ಸೆನ್ಸರ್ ಇದೆ. ಅದರ ಮೇಲಿರುವ ಕೋಟ್ಯಂತರ ಕಣ್ಣುಗಳು ಬೆಳಕು ಎಷ್ಟು ಬಿದ್ದಿತೆಂಬುದನ್ನು ಅಳೆಯಬಲ್ಲವೇ ಹೊರತು ಅದರ ಬಣ್ಣ ಯಾವುದೆಂದು ಅರಿಯಲಾರವು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಕಂಡುಹಿಡಿದ ಉಪಾಯವೊಂದಕ್ಕೆ 1976ರಲ್ಲಿ ಪೇಟೆಂಟು ದೊರೆಯಿತು. ಒಂದೊಂದು ಕಣ್ಣಿನ ಮುಂದೆಯೂ ಒಂದೊಂದು ಬಣ್ಣದ ತೆರೆ; ನಾಲ್ಕರಲ್ಲಿ ಎರಡಕ್ಕೆ ಹಸುರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಇಂದಿನ ಬಹುಪಾಲು ಕ್ಯಾಮರಾಗಳು ಈ ದಾರಿಯನ್ನೇ ಹಿಡಿದಿವೆ. ಹೀಗಾಗಿ ಒಂದೊಂದು ಬಿಂದುವಿಗೂ ಒಂದೇ ಬಣ್ಣ ತಿಳಿದಿರುತ್ತದೆ. ಉಳಿದೆರಡನ್ನು ನೆರೆಹೊರೆಯ ಬಿಂದುಗಳನ್ನು ವಿಚಾರಿಸಿ ಊಹಿಸಿಕೊಳ್ಳಬೇಕು.

ನಾವು ಜೆಪೆಗ್ ತೆಗೆದಾಗ ಈ ಊಹೆಯನ್ನು ಕ್ಯಾಮರಾವೇ ಕ್ಷಣಾರ್ಧದಲ್ಲಿ ಮಾಡಿ ಮುಗಿಸುತ್ತದೆ. ಬಿಳುಪು ಎಷ್ಟು, ಕಪ್ಪು ಎಷ್ಟು, ಚರ್ಮದ ಬಣ್ಣ ಯಾವುದು ಎಂಬುದನ್ನೆಲ್ಲ ತಾನೇ ತೀರ್ಮಾನಿಸಿ, ಬೇಡವೆಂದು ತನಗೆ ತೋರಿದುದನ್ನು ಎಸೆದುಬಿಡುತ್ತದೆ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲುಗಳು ಮಾತ್ರ. 14 ಬಿಟ್ಟಿನ ಕಚ್ಚಾ ಚಿತ್ರದಲ್ಲಿ ಆ ಮೆಟ್ಟಿಲುಗಳು 16,384. ಕಚ್ಚಾ ಚಿತ್ರವು ಸೆನ್ಸರ್ ಕಂಡುದನ್ನು ಕಂಡಂತೆ ಬರೆದಿಟ್ಟುಕೊಳ್ಳುತ್ತದೆ. ತೀರ್ಮಾನವು ನಮ್ಮದು, ಅದೂ ಬಿಡುವಾದಾಗ.

ಕನ್ನಡ ಎಂ.ಎ. ಓದಿದವನಿಗೆ ಇದು ಬೇಗನೆ ಅರ್ಥವಾಗುತ್ತದೆ. ಶಾಸನವನ್ನು ಓದುವವರು ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಒತ್ತಿ, ಮಸಿ ಬಳಿದು ಪಡಿಯಚ್ಚು ತೆಗೆಯುತ್ತಾರೆ. ಅನಂತರ ಅದನ್ನು ನೋಡಿ ಪಾಠವನ್ನು ಬರೆಯುತ್ತಾರೆ. ಪಾಠ ಬರೆದಾದ ಮೇಲೆ ಪಡಿಯಚ್ಚನ್ನು ಯಾರೂ ಒಲೆಗೆ ಹಾಕುವುದಿಲ್ಲ. ಇಂದು ನಾನು ‘ಪ’ ಎಂದು ಓದಿದ ಅಕ್ಷರವನ್ನು ನಾಳೆ ಮತ್ತೊಬ್ಬರು ‘ವ’ ಎಂದು ತಿದ್ದಬಹುದು. ಜೆಪೆಗ್ ಎಂಬುದು ಪಾಠ. ಕಚ್ಚಾ ಚಿತ್ರವು ಪಡಿಯಚ್ಚು.

ಆ ಹುಡುಗನು ನಮ್ಮ ಮನೆಗೆ ಸುಮ್ಮನೆ ಬಂದಿರಲಿಲ್ಲ. ಹಿಂದಿನ ವರ್ಷ ನಾವು ಕೆಲವರು ಮುಳಬಾಗಿಲು ತಾಲ್ಲೂಕಿಗೆ ವೀರಗಲ್ಲುಗಳನ್ನು ನೋಡಲು ಹೋಗಿದ್ದೆವು. ಗಂಗರು, ನೊಳಂಬರು, ಬಾಣರು ಕಾದಾಡಿದ ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಕದ 10ನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳದೇ ಆಗಿದೆ. ಆವನಿಯ ರಾಮಲಿಂಗೇಶ್ವರನನ್ನೂ ಕುರುಡುಮಲೆಯ ಗಣಪತಿಯನ್ನೂ ನೋಡಿಕೊಂಡು ಹಿಂದಿರುಗುವಾಗ, ಒಂದು ಹಳ್ಳಿಯ ಹುಣಸೆಯ ಮರದ ಕೆಳಗೆ ಒಂದು ಕಲ್ಲು ಕಣ್ಣಿಗೆ ಬಿದ್ದಿತು. ಏಳು ಸಾಲು ಬರಹ. ಮೇಲಿನ ಎರಡು ಸಾಲುಗಳ ಮೇಲೆ ಬಿರುಬಿಸಿಲು, ಕೆಳಗಿನ ಐದರ ಮೇಲೆ ಮರದ ನೆರಳು. ನಾನು ನಾಲ್ಕು ಫೋಟೋ ತೆಗೆದೆ. ಪಡಿಯಚ್ಚಿಗೆ ಸಾಮಗ್ರಿ ಇರಲಿಲ್ಲ. ಮತ್ತೊಮ್ಮೆ ಬಂದರಾಯಿತು ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಮೇಲಿನ ಸಾಲುಗಳು ಸುಣ್ಣ ಬಳಿದಂತೆ ಬೆಳ್ಳಗೆ, ಕೆಳಗಿನವು ಮಸಿಯಂತೆ ಕಪ್ಪಗೆ. ಎಷ್ಟು ತಿದ್ದಿದರೂ ಅಕ್ಷರಗಳ ಬದಲು ಮಚ್ಚೆಗಳೇ ಮೂಡಿದವು.

ಮತ್ತೊಮ್ಮೆ ಹೋದುದು ಎಂಟು ತಿಂಗಳ ಮೇಲೆ. ಕಲ್ಲು ಅಲ್ಲಿಯೇ ಇತ್ತು. ಆದರೆ ಊರವರು ಜಾತ್ರೆಗೆಂದು ಅದಕ್ಕೆ ಅಡಿಯಿಂದ ಮುಡಿಯವರೆಗೆ ಎಣ್ಣೆಬಣ್ಣ ಹೊಡೆಸಿದ್ದರು. ಅಕ್ಷರಗಳ ಗುಳಿಗಳೆಲ್ಲ ಬಣ್ಣದಿಂದ ತುಂಬಿ ನುಣ್ಣಗಾಗಿದ್ದವು.

“ದೇವರು ಸ್ವಾಮಿ, ಬೋಳಾಗಿ ನಿಂತಿದ್ರೆ ಚೆಂದವಾ?” ಎಂದರು ಒಬ್ಬ ಹಿರಿಯರು.

ಅವರದು ಭಕ್ತಿ. ಉದಾಸೀನ ನನ್ನದು. ರೈಸ್ ಅವರ ಸಂಪುಟವನ್ನು ಹುಡುಕಿದೆ. ಆ ಕಲ್ಲು ಅಲ್ಲಿ ಸಿಕ್ಕಲಿಲ್ಲ. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿಕೊಂಡಾಗಲೇ ಆ ಹುಡುಗನು ಮನೆಗೆ ಬಂದುದು. ಅಂದು ಅವನೂ ನಮ್ಮೊಡನೆ ಇದ್ದು, ಒಂದೇ ಒಂದು ಚಿತ್ರವನ್ನು ರಾದಲ್ಲಿ ತೆಗೆದಿದ್ದನಂತೆ. ಅದನ್ನು ನಮ್ಮ ಕಂಪ್ಯೂಟರಿಗೆ ಹಾಕಿ, ನೆರಳಿನ ಭಾಗವನ್ನು ಮೆಲ್ಲಗೆ ಮೇಲಕ್ಕೆತ್ತಿದನು. ಕತ್ತಲೆಯ ಕೋಣೆಗೆ ದೀಪ ತಂದಂತೆ, ಕೆಳಗಿನ ಐದು ಸಾಲುಗಳು ಒಂದೊಂದಾಗಿ ಎದ್ದು ನಿಂತವು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಅಂದು ರಾತ್ರಿಯೇ ಕಚ್ಚಾ ಚಿತ್ರಗಳಿಗೆ ತಕ್ಕ ತಂತ್ರಾಂಶವನ್ನು ಹುಡುಕಲು ಹೊರಟೆ. ಪೇಟೆಯಲ್ಲಿ ಮನೆ ಹುಡುಕಿದವರಿಗೆ ಈ ಅನುಭವ ಹೊಸದಲ್ಲ.

ಮೊದಲನೆಯದು, ಕ್ಯಾಮರಾದ ತಯಾರಕರೇ ಕೊಡುವ ಮನೆ. ಕ್ಯಾನನ್‌ನವರದು ಡಿಜಿಟಲ್ ಫೋಟೋ ಪ್ರೊಫೆಷನಲ್. ನಿಕಾನ್‌ನವರದು 2021ರಲ್ಲಿ ಬಂದ ಎನ್‌ಎಕ್ಸ್ ಸ್ಟುಡಿಯೋ. ಹಣ ಕೊಡಬೇಕಾಗಿಲ್ಲ. ಕ್ಯಾಮರಾದ ಬೆನ್ನಿನ ಪರದೆಯಲ್ಲಿ ಕಂಡ ಬಣ್ಣವೇ ಇಲ್ಲಿಯೂ ಕಾಣುತ್ತದೆ. ಆದರೆ ಇದು ಮಾವನ ಮನೆಯ ಹಿತ್ತಿಲ ಕೋಣೆಯಿದ್ದಂತೆ. ಬೇರೆ ಕಂಪನಿಯ ಕ್ಯಾಮರಾ ಕೊಂಡ ದಿನ ಅದರ ಚಿತ್ರಗಳಿಗೆ ಅಲ್ಲಿ ಜಾಗವಿಲ್ಲ.

ಎರಡನೆಯದು ಬಾಡಿಗೆಯ ಮನೆ. ಅಡೋಬ್ ಸಂಸ್ಥೆಯ ಲೈಟ್‌ರೂಮ್ 2007ರಲ್ಲಿ ಬಂದಿತು. 2015ರ 6ನೆಯ ಆವೃತ್ತಿಯವರೆಗೆ ಅದನ್ನು ಒಮ್ಮೆ ಕೊಂಡು ಇಟ್ಟುಕೊಳ್ಳಬಹುದಾಗಿತ್ತು. ಅಲ್ಲಿಂದ ಮುಂದಿನ ಆವೃತ್ತಿಗಳಿಗೆ ಚಂದಾ ಕಟ್ಟಲೇಬೇಕು. ಮನೆಯೇನೋ ಸೊಗಸು. ಸಾವಿರಾರು ಚಿತ್ರಗಳನ್ನು ವಿಂಗಡಿಸುವುದು, ಆಕಾಶವನ್ನೋ ಮುಖವನ್ನೋ ಬೇರ್ಪಡಿಸಿ ತಿದ್ದುವುದು, ಎಲ್ಲವೂ ಕೈಗೆಟುಕುವಂತಿದೆ. ಕಲಿಸುವವರೂ ಬೇಕಾದಷ್ಟು ಮಂದಿ. ಚಂದಾ ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳನ್ನು ನೋಡಬಹುದು, ಹೊರಕ್ಕೆ ತೆಗೆದುಕೊಳ್ಳಬಹುದು. ಆದರೆ ಚಿತ್ರವನ್ನು ಸಂಸ್ಕರಿಸುವ ಮುಖ್ಯ ಕೊಠಡಿಗೆ ಬೀಗ ಬೀಳುತ್ತದೆ.

ಮೂರನೆಯದು ಕ್ರಯಕ್ಕೆ ಕೊಳ್ಳುವ ಮನೆ. ಡಿಎಕ್ಸ್‌ಒ ಫೋಟೋಲ್ಯಾಬ್ ಅಂತಹುದು. ಕೊಂಡುದು ನಮ್ಮದಾಗಿಯೇ ಉಳಿಯುತ್ತದೆ. ಹೊಸ ಆವೃತ್ತಿ ಬೇಕೆಂದರೆ ಮತ್ತೆ ಹಣ ತೆರಬೇಕು. ಮೊದಲ ಬೆಲೆಯನ್ನು ಕೇಳಿ ನಾನು ಜಗಲಿಯಿಂದಲೇ ಹಿಂದಿರುಗಿದೆ.

ನಾಲ್ಕನೆಯದನ್ನು ಮನೆಯೆನ್ನುವುದಕ್ಕಿಂತ ನಮ್ಮ ಕಡೆಯ ಕೆರೆಯೆನ್ನುವುದೇ ಲೇಸು. ಹಲವರು ಸೇರಿ ಕಟ್ಟಿದುದು, ಹಲವರು ಹೂಳೆತ್ತಿ ಕಾಯುವುದು, ಯಾರು ಬೇಕಾದರೂ ಬಳಸಬಹುದು. ಡೇವ್ ಕಾಫಿನ್ ಎಂಬಾತ 1997ರಲ್ಲಿ ನಾನಾ ಕ್ಯಾಮರಾಗಳ ಕಚ್ಚಾ ಚಿತ್ರಗಳನ್ನು ಬಿಡಿಸಿ ಓದುವ ಡಿಸಿರಾ ಎಂಬ ತಂತ್ರಾಂಶವನ್ನು ಬರೆಯತೊಡಗಿ, ಅದನ್ನು ಎಲ್ಲರಿಗೂ ತೆರೆದಿಟ್ಟನು. ಆ ಹಾದಿಯಲ್ಲಿಯೇ ಮುಂದೆ 2009ರಲ್ಲಿ ಡಾರ್ಕ್‌ಟೇಬಲ್ ಹುಟ್ಟಿತು. ರಾಥೆರಪಿ ಎಂಬುದು 2010ರಲ್ಲಿ ಮುಕ್ತ ತಂತ್ರಾಂಶವಾಯಿತು. ಎರಡಕ್ಕೂ ಕಾಸಿಲ್ಲ. ಆದರೆ ಕಾಸಿನ ಬದಲು ತಾಳ್ಮೆಯನ್ನು ತೆರಬೇಕು. ಡಾರ್ಕ್‌ಟೇಬಲನ್ನು ಮೊದಲ ದಿನ ತೆರೆದಾಗ ಸಾಲುಸಾಲಾಗಿ ನಿಂತ ಗುಂಡಿಗಳನ್ನು ಕಂಡು, ವಿದ್ಯುತ್ ಕಚೇರಿಯ ಒಳಗೆ ತಪ್ಪಿ ನುಗ್ಗಿದವನಂತೆ ಕೈಕಟ್ಟಿ ಕುಳಿತೆ.

ಈ ಮಧ್ಯೆ ಮಾಲೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಪರಿಚಿತರೊಬ್ಬರನ್ನು ಕೇಳಿದೆ. ಅವರು ನಕ್ಕುಬಿಟ್ಟರು.

“ಮೇಷ್ಟ್ರೇ, ನನಗೆ ಒಂದು ಮದುವೆಗೆ ಮೂರು ಸಾವಿರ ಫೋಟೋ. ಧಾರೆ ಮುಗಿದ ವಾರಕ್ಕೆ ಆಲ್ಬಂ ಕೇಳ್ತಾರೆ. ಒಂದನ್ನ ಸರಿ ಮಾಡಿದ್ರೆ ಅದೇ ತಿದ್ದುಪಡಿ ಇನ್ನೂರಕ್ಕೆ ಬೀಳಬೇಕು. ನನಗೆ ಬಾಡಿಗೆ ಮನೇನೇ ಸರಿ. ಆ ಬಾಡಿಗೇನ ಒಂದು ಮದುವೆ ಹೊರುತ್ತೆ. ನಿಮ್ಮ ಕಲ್ಲುಗಳೇನು ನಾಳೆ ಆಲ್ಬಂ ಕೇಳ್ತಾವಾ?”

ಮಾತು ನ್ಯಾಯವಾದುದು. ದುಡಿಮೆಗೆ ಕ್ಯಾಮರಾ ಹಿಡಿದವನ ಲೆಕ್ಕ ಬೇರೆ. ಯುಗಾದಿಗೂ ದೀಪಾವಳಿಗೂ ಮಕ್ಕಳ ಚಿತ್ರ ತೆಗೆಯುವ ಗೃಹಸ್ಥನ ಲೆಕ್ಕ ಬೇರೆ. ಎಲ್ಲರಿಗೂ ಉತ್ತಮವಾದುದು ಯಾವುದು ಎಂಬ ಪ್ರಶ್ನೆಯೇ ಸರಿಯಲ್ಲ.

ಹಾಗಾದರೆ ಯಾವ ಪ್ರಶ್ನೆ ಸರಿ? ಒಂದು ತಿಂಗಳು ನಾನು ಆ ವೀರಗಲ್ಲಿನ ಚಿತ್ರವನ್ನೇ ಹಿಡಿದು ಮೂರು ತಂತ್ರಾಂಶಗಳ ಬಾಗಿಲು ತಟ್ಟಿದೆ. ಹಣದವೂ ಕೆಲವು ದಿನ ಪರೀಕ್ಷೆಗೆ ಪುಕ್ಕಟೆಯಾಗಿ ದೊರೆಯುತ್ತವೆ. ತೆರೆದ ಕೂಡಲೇ ಮೂರರಲ್ಲಿಯೂ ಚಿತ್ರ ಮೂರು ಬಗೆಯಾಗಿ ಕಂಡಿತು. ಏಕೆಂದರೆ ಬಣ್ಣದ ಊಹೆಯನ್ನು ಒಂದೊಂದೂ ತನ್ನ ರೀತಿಯಲ್ಲಿ ಮಾಡುತ್ತದೆ. ಆದರೆ ಒಂದು ಗಂಟೆ ಶ್ರಮಿಸಿದ ಮೇಲೆ ಮೂರೂ ಬಹುಮಟ್ಟಿಗೆ ಒಂದೇ ಆದವು. ಅಕ್ಷರಗಳು ಮೂರರಲ್ಲಿಯೂ ಓದಲು ಬಂದವು. ಅಂದವನ್ನು ನೋಡಿ ಆರಿಸಬೇಕಾದ ಅಗತ್ಯ ಅಷ್ಟಾಗಿ ಇಲ್ಲವೆಂದು ಆಗ ತಿಳಿಯಿತು.

ನೋಡಬೇಕಾದುದು, ಮನೆ ಬಿಡುವಾಗ ನಮ್ಮ ಸಾಮಾನನ್ನು ಹೊತ್ತುಕೊಂಡು ಹೋಗಲು ಆಗುವುದೆ ಎಂಬುದನ್ನು. ಈ ತಂತ್ರಾಂಶಗಳು ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ‘ನೆರಳನ್ನು ಇಷ್ಟು ಎತ್ತು, ಬಿಳುಪನ್ನು ಇಷ್ಟು ಇಳಿಸು’ ಎಂಬ ನಮ್ಮ ಆಜ್ಞೆಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು, ನೋಡುವಾಗಲೆಲ್ಲ ಅದರಂತೆ ಚಿತ್ರವನ್ನು ಬಿಡಿಸಿ ತೋರಿಸುತ್ತವೆ. ಆದರೆ ಒಂದರ ಆಜ್ಞೆ ಇನ್ನೊಂದಕ್ಕೆ ಬಹುಪಾಲು ತಿಳಿಯದು. ಒಬ್ಬ ಅಡಿಗೆಯವನ ‘ರುಚಿಗೆ ತಕ್ಕಷ್ಟು’ ಇನ್ನೊಬ್ಬನಿಗೆ ತಿಳಿಯುವುದೆ? ಆಪಲ್ ಸಂಸ್ಥೆಯ ಅಪರ್ಚರ್ ಎಂಬ ತಂತ್ರಾಂಶ 2005ರಲ್ಲಿ ಬಂದು ಹೆಸರು ಗಳಿಸಿತ್ತು. 2014ರಲ್ಲಿ ಸಂಸ್ಥೆಯವರು ಅದನ್ನು ಇನ್ನು ಬೆಳೆಸುವುದಿಲ್ಲವೆಂದರು. 2015ರಲ್ಲಿ ಮಾರಾಟವೂ ನಿಂತಿತು. ಹತ್ತು ವರ್ಷ ಅಲ್ಲಿಯೇ ಸಂಸಾರ ಹೂಡಿದ್ದವರು ಗಂಟುಮೂಟೆ ಕಟ್ಟಬೇಕಾಯಿತು. ಮೂಲ ಚಿತ್ರಗಳನ್ನೂ, ಸಿದ್ಧವಾದ ಪ್ರತಿಗಳನ್ನೂ ಬೇರೆಯಾಗಿ ಇಟ್ಟುಕೊಂಡವರಿಗೆ ನಷ್ಟ ಕಡಿಮೆ. ಹಾಗೆ ಮಾಡದವರಿಗೆ ವರ್ಷಗಳ ದುಡಿಮೆಯೇ ಹೋಯಿತು.

ಆದುದರಿಂದ ಈ ದಾರಿ ಹಿಡಿಯುವವರಿಗೆ ನನ್ನ ಅನುಭವದ ನಾಲ್ಕು ಮಾತು. ನಿಮ್ಮ ಕ್ಯಾಮರಾದ ಕಚ್ಚಾ ಚಿತ್ರವನ್ನು ತಂತ್ರಾಂಶವು ಓದಬಲ್ಲುದೆ ಎಂದು ಮೊದಲು ನೋಡಿರಿ; ತೀರ ಹೊಸ ಮಾದರಿಗಳನ್ನು ಹಳೆಯ ತಂತ್ರಾಂಶ ಗುರುತಿಸುವುದಿಲ್ಲ. ನಿಮ್ಮ ಬಳಿಯಿರುವ ಅತ್ಯಂತ ಕಷ್ಟದ ಚಿತ್ರವನ್ನೇ ಕೊಟ್ಟು ಪರೀಕ್ಷಿಸಿರಿ. ಚೆನ್ನಾಗಿ ಬಂದ ಚಿತ್ರವನ್ನು ಯಾವ ತಂತ್ರಾಂಶವೂ ಚೆನ್ನಾಗಿಯೇ ತೋರಿಸುತ್ತದೆ. ಕೆಲಸ ಮುಗಿದ ಚಿತ್ರದ ಒಂದು ಪ್ರತಿಯನ್ನು ಟಿಫ್ ಅಥವಾ ಜೆಪೆಗ್ ಆಗಿ ಹೊರಕ್ಕೆ ತೆಗೆದು, ಮೂಲದ ಪಕ್ಕದಲ್ಲಿಯೇ ಇಡಿರಿ. ಮೂಲವನ್ನು ಎರಡು ಕಡೆ ಇಡಿರಿ. ಒಂದು ಕಡೆ ನಿಮ್ಮ ಮನೆಯ ಹೊರಗಿರಲಿ.

ನಾನು ಕೊನೆಗೆ ಕೆರೆಯ ನೀರನ್ನೇ ನೆಚ್ಚಿಕೊಂಡೆ. ಡಾರ್ಕ್‌ಟೇಬಲ್ ಎಲ್ಲಕ್ಕಿಂತ ಮೇಲೆಂದಲ್ಲ. ನನ್ನ ಕಲ್ಲುಗಳಿಗೆ ಅವಸರವಿಲ್ಲ, ಸಂಬಳಕ್ಕೆ ಇನ್ನೊಂದು ಚಂದಾ ಹೊರುವ ಶಕ್ತಿಯಿಲ್ಲ. ಈ ನಿರ್ಧಾರವನ್ನು ಮನೆಯಲ್ಲಿ ತಿಳಿಸಿದಾಗ ನನ್ನಾಕೆ, “ಬಾಡಿಗೆ ಉಳೀತಲ್ಲ, ಆ ದುಡ್ಡಿಗೆ ಇನ್ನೊಂದು ಹಾರ್ಡ್ ಡಿಸ್ಕ್ ತಂದು ನಮ್ಮ ತವರಲ್ಲಿ ಇಟ್ಟುಬಿಡಿ” ಎಂದಳು. ಮೇಲಿನ ನಾಲ್ಕನೆಯ ಮಾತು ಅವಳದೇ. ಈಗ ಒಂದು ಡಿಸ್ಕು ಶ್ರೀನಿವಾಸಪುರದಲ್ಲಿ ನಮ್ಮತ್ತೆಯವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದೆ.

ಆ ಕಲ್ಲಿನ ವಿಷಯ ಕೇಳುವಿರಾ? ಕೆಳಗಿನ ಐದು ಸಾಲುಗಳನ್ನು ಓದಿದ್ದಾಯಿತು. ಯಾರದೋ ತುರುಗಳನ್ನು ಮರಳಿಸಲು ಹೋಗಿ ಸತ್ತವನ ಕಲ್ಲು ಅದು. ಅವನ ಹೆಸರು ಇದ್ದುದು ಮೇಲಿನ ಸಾಲಿನಲ್ಲಿ, ಬಿಸಿಲು ಬಿದ್ದ ಕಡೆ. ಪೂರ್ತಿ ಬೆಳ್ಳಗಾಗಿ ಹೋದುದನ್ನು ಯಾವ ತಂತ್ರಾಂಶವೂ ಮರಳಿ ತಾರದು. ಕೊನೆಯ ಎರಡಕ್ಷರಗಳು ‘ಯ್ಯ’ದಂತೆಯೋ ‘ಮ್ಮ’ದಂತೆಯೋ ಮಸುಕಾಗಿ ಕಾಣುತ್ತವೆ. ನಾನೊಂದು ಬಗೆಯಾಗಿ ಓದುತ್ತೇನೆ, ಆ ಹುಡುಗನೊಂದು ಬಗೆಯಾಗಿ ಓದುತ್ತಾನೆ. ಇಬ್ಬರ ಪಾಠವನ್ನೂ ಬರೆದಿಟ್ಟು, ಪಡಿಯಚ್ಚನ್ನು ಹಾಗೆಯೇ ಉಳಿಸಿದ್ದೇವೆ. ಮುಂದೆ ನಮಗಿಂತ ಒಳ್ಳೆಯ ಕಣ್ಣು ಇರುವವರು ಬಂದು ನೋಡಲಿ.