‘ಟು’ ತಪ್ಪಿತು ಅಂತ ನಗೋರಿಗೆ ಒಂದು ಮಾತು



ಮೊನ್ನೆ ನಮ್ಮವರೇ ಇರೋ ಒಂದು ವಾಟ್ಸಾಪ್ ಗ್ರೂಪಿನಾಗ ಒಬ್ಬ ಹುಡುಗನ ಅರ್ಜಿ ಫೋಟೋ ಹಾಕಿ ನಕ್ಕರು. ವಿದ್ಯಾರ್ಥಿವೇತನ ಬಂದಿಲ್ಲ ಅಂತ ಅಂವ ಇಂಗ್ಲಿಷಿನಾಗ ಒಂದು ಪುಟ ಬರೆದಿದ್ದ. ‘ಐ ಮೆಟ್ ಟು ದಿ ಆಫೀಸರ್’, ‘ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್’ ಅಂತ ಇತ್ತು. ವಿದ್ಯಾರ್ಥಿವೇತನ ಯಾಕ ಬಂದಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ‘ಟು’ ಯಾಕ ಬಂತು ಅಂತ ಎಲ್ಲರೂ ಕೇಳಿದರು.

ಯಾಕ ಬಂತು, ನಾ ಹೇಳ್ತೇನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ನಾವು ‘ಸಾಹೇಬರಿಗೆ ಭೆಟ್ಟಿ ಆದೆ’ ಅಂತೇವಿ. ಆ ‘ಗೆ’ ಅನ್ನೋದೇ ಇಂಗ್ಲಿಷಿನಾಗ ‘ಟು’ ಆಗಿ ಕೂತದ. ‘ವಿಷಯದ ಬಗ್ಗೆ ಚರ್ಚೆ ಮಾಡಿದ್ವಿ’ ಅಂತೇವಿ, ಆ ‘ಬಗ್ಗೆ’ ಹೋಗಿ ‘ಅಬೌಟ್’ ಆತು. ‘ಅವನ ಮ್ಯಾಲೆ ಕೇಸ್ ಹಾಕಿದ್ವಿ’ ಅನ್ನೋದು ‘ಕೇಸ್ ಆನ್ ಹಿಮ್’ ಆಗತೈತಿ, ಇಂಗ್ಲಿಷಿಗೆ ಬೇಕಾಗಿದ್ದು ‘ಅಗೇನ್ಸ್ಟ್’. ಹುಡುಗನ ತಲಿಯೊಳಗ ವ್ಯಾಕರಣ ಇಲ್ಲ ಅಂತ ಇದರ ಅರ್ಥ ಅಲ್ಲ. ಕನ್ನಡದ ವ್ಯಾಕರಣ ಗಟ್ಟಿಯಾಗಿ ಐತಿ, ಅದಕ್ಕೇ ಹಿಂಗ ಆಗತೈತಿ. ಕನ್ನಡದಾಗೂ ಯಾವ ಕ್ರಿಯಾಪದಕ್ಕ ಯಾವ ವಿಭಕ್ತಿ ಅನ್ನೋದು ಹುಟ್ಟಿನಿಂದ ಕಿವಿಗೆ ಬಿದ್ದೇ ಬರಬೇಕು. ನಾಯಿ‘ಗೆ’ ಹೆದರತೇವಿ, ಮನುಷ್ಯಾನ್ನ ನಂಬತೇವಿ, ಅವನ ‘ಮ್ಯಾಲೆ’ ಸಿಟ್ಟಾಗತೇವಿ. ಯಾಕ ಹಿಂಗ ಅಂತ ಯಾವ ಮಾಸ್ತರೂ ನಮಗ ಕಲಿಸಲಿಲ್ಲ. ಅವ್ವ ಮಾತಾಡಿದ್ದನ್ನ ಕೇಳಿ ಬಂತು.

ಇಂಗ್ಲಿಷ್ ಪ್ರಿಪೊಸಿಷನ್ನೂ ಹಂಗೇ. ‘ಡಿಪೆಂಡ್’ ಮುಂದ ‘ಆನ್’, ‘ಬಿಲೀವ್’ ಮುಂದ ‘ಇನ್’, ‘ಅಕ್ಯೂಸ್’ ಮುಂದ ‘ಆಫ್’, ಆದರ ‘ಚಾರ್ಜ್’ ಮುಂದ ‘ವಿತ್’. ಆರೋಪ ಅದೇ, ಆರೋಪಿ ಅವನೇ, ಪದ ಬ್ಯಾರೆ. ಇದಕ್ಕ ಸೂತ್ರ ಇಲ್ಲ. ಮನಿಯೊಳಗ ಇಂಗ್ಲಿಷ್ ಪೇಪರ್ ಬರ್ತಿದ್ದವರಿಗೆ, ಅಪ್ಪ ವಕೀಲನೋ ಪ್ರೊಫೆಸರ್ರೋ ಆಗಿದ್ದವರಿಗೆ ಇದು ಪುಕ್ಕಟೆ ಸಿಕ್ಕಿತು. ನಮ್ಮ ಕೇರಿಗೆ ಇಂಗ್ಲಿಷ್ ಬಂದದ್ದು 5ನೇ ಇಯತ್ತೆಯ ಪುಸ್ತಕದಾಗ, ಅದೂ ಎಬಿಸಿಡಿಯಿಂದ. ಸರಕಾರಿ ಕನ್ನಡ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾದದ್ದು 2007-08ರಲ್ಲಿ. ಹಿಂಗಾಗಿ ಪ್ರಿಪೊಸಿಷನ್ ನೋಡಿ ಒಬ್ಬರ ಬುದ್ಧಿ ಅಳೆಯೋರು ನಿಜವಾಗಿ ಅಳೆಯೋದು ಅವರ ಅಪ್ಪ-ಅಜ್ಜನ ಮನೆಯನ್ನ. ‘ಮೆರಿಟ್’ ಅನ್ನೋ ಪದದ ಕೆಳಗ ಇಂಥಾ ಎಷ್ಟು ಸಣ್ಣ ಪದ ಅಡಗ್ಯಾವೋ!

ಹಂಗಂತ ‘ಅರ್ಥ ಆದ್ರ ಸಾಕು, ಬಿಡ್ರಿ’ ಅನ್ನೋ ನಮ್ಮ ಗೆಳೆಯರ ಮಾತನ್ನೂ ನಾ ಒಪ್ಪೋದಿಲ್ಲ. ಸಾಲೋದಿಲ್ಲ. ನಮ್ಮ ಹಕ್ಕುಗಳು ಇಂಥಾ ಸಣ್ಣ ಪದಗಳ ಮ್ಯಾಲೇ ನಿಂತಾವ.

ಸಂವಿಧಾನದ 15ನೇ ವಿಧಿ ನೋಡ್ರಿ. ಅಲ್ಲಿ ‘ಡಿಸ್ಕ್ರಿಮಿನೇಟ್’ ಮುಂದ ‘ಅಗೇನ್ಸ್ಟ್’ ಐತಿ. ‘ಡಿಸ್ಕ್ರಿಮಿನೇಟ್ ಬಿಟ್ವೀನ್’ ಅಂದ್ರ ಎರಡರ ನಡುವಿನ ವ್ಯತ್ಯಾಸ ಗುರುತಿಸೋದು, ಜೋಳ ಯಾವುದು ಗೋದಿ ಯಾವುದು ಅಂದಂಗ. ‘ಡಿಸ್ಕ್ರಿಮಿನೇಟ್ ಅಗೇನ್ಸ್ಟ್’ ಅಂದ್ರ ಒಬ್ಬನಿಗೆ ಕೆಟ್ಟದಾಗೋ ಹಂಗ ಭೇದ ಮಾಡೋದು. 1952ರಲ್ಲಿ ಕಾಠಿ ರಾನಿಂಗ್ ರಾವತ್ ಪ್ರಕರಣದಾಗ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು ಇದೇ ಎರಡು ಪದ ಇಟ್ಟುಕೊಂಡು, ಅದರೊಳಗ ಪ್ರತಿಕೂಲ ಪಕ್ಷಪಾತದ ಅಂಶ ಇರತೈತಿ ಅಂತ ವಿವರಿಸಿದರು. ಈಗ ‘ಮೀಸಲಾತಿಯೂ ಡಿಸ್ಕ್ರಿಮಿನೇಷನ್ನೇ ಅಲ್ಲೇನ್ರೀ?’ ಅಂತ ಚಹಾದಂಗಡ್ಯಾಗ ವಾದಕ್ಕ ಬರೋರು ಇರ್ತಾರಲ್ಲ, ಅವರು ‘ಬಿಟ್ವೀನ್’ ಎತ್ತಿ ‘ಅಗೇನ್ಸ್ಟ್’ ಜಾಗಾದಾಗ ಇಡತಾರ. 1951ರಲ್ಲೇ 15(4) ಸೇರಿಸಿ ಸಂವಿಧಾನ ಅದಕ್ಕ ಉತ್ತರ ಕೊಟ್ಟೈತಿ.

ಇನ್ನ ದೌರ್ಜನ್ಯ ತಡೆ ಕಾಯ್ದೆ, 1989. ಅದರ 3(2)(v)ದಾಗ ಮೊದಲು ‘ಆನ್ ದಿ ಗ್ರೌಂಡ್ ದ್ಯಾಟ್’ ಅಂತ ಇತ್ತು. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧ ಮಾಡಿದವನು, ಬಲಿಯಾದವನು ದಲಿತ ಅನ್ನೋ ‘ಕಾರಣಕ್ಕೇ’ ಮಾಡಿದ ಅಂತ ತೋರಿಸಬೇಕಿತ್ತು. ಕೊಲೆ ಆಗೇತಿ, ಸಾಬೀತೂ ಆಗೇತಿ, ಆದರ ಜಾತಿ ಕಾರಣಕ್ಕೇ ಅಂತ ಸಾಬೀತಾಗಿಲ್ಲ ಅಂತ ಈ ಕಲಂ ಬಿದ್ದುಹೋಗ್ತಿತ್ತು. ಕೊಂದವನ ಎದಿಯೊಳಗ ಏನಿತ್ತು ಅಂತ ಹೆಂಗ ತೋರಿಸೋದು? ತಿದ್ದುಪಡಿ ಆಗಿ 2016ರ ಜನವರಿ 26ರಿಂದ ಅಲ್ಲಿ ‘ನೋಯಿಂಗ್ ದ್ಯಾಟ್’ ಬಂತು. ದಲಿತ ಅಂತ ‘ಗೊತ್ತಿದ್ದೂ’ ಮಾಡಿದರ ಸಾಕು. ಆರೋಪಿಗೆ ಆ ಮನಿಯವರ ಪರಿಚಯ ಇತ್ತಂದ್ರ, ಜಾತಿ ಗೊತ್ತಿತ್ತು ಅಂತಲೇ ಕೋರ್ಟು ತಿಳಿಯಬೇಕು. ನಾಲ್ಕು ಪದ ಹೋಗಿ ಎರಡು ಪದ ಬಂದವು, ಅಷ್ಟೇ. ಆ ಎರಡು ಪದಕ್ಕ ಎಷ್ಟು ಹೋರಾಟ, ಎಷ್ಟು ವರ್ಷ!

ಜಾತಿ ಹೆಸರೆತ್ತಿ ಬೈದ ಕೇಸಿಗೆ ಅದೇ ಕಾಯ್ದೆಯೊಳಗ ‘ಇನ್ ಎನಿ ಪ್ಲೇಸ್ ವಿದಿನ್ ಪಬ್ಲಿಕ್ ವ್ಯೂ’ ಅಂತ ಐತಿ. ‘ಇನ್ ಅ ಪಬ್ಲಿಕ್ ಪ್ಲೇಸ್’ ಅಂತ ಇಲ್ಲ. ಇವೆರಡನ್ನ ಕಲಸಬ್ಯಾಡ್ರಿ ಅಂತ ಸುಪ್ರೀಂ ಕೋರ್ಟು 2008ರ ಸ್ವರಣ್ ಸಿಂಗ್ ಪ್ರಕರಣದಾಗ ಹೇಳೇತಿ. ಖಾಸಗಿ ಮನಿ ಗೇಟಿನ ಹತ್ತಿರ ನಿಂತವನನ್ನ ಬೈದರೂ, ಅದು ಹೊರಗಿನವರ ಕಣ್ಣಿಗೆ ಬೀಳೋ ಜಾಗ, ಹಿಂಗಾಗಿ ಕಲಂ ಹತ್ತತೈತಿ. 2020ರ ಹಿತೇಶ್ ವರ್ಮಾ ಪ್ರಕರಣದಾಗ, ನಾಲ್ಕು ಗ್ವಾಡಿ ಒಳಗ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಅಂತ ಕಲಂ ನಿಲ್ಲಲಿಲ್ಲ. ಈಗ ನಮ್ಮ ಊರಿನ ದೂರು ತಗೋರಿ. ಠಾಣೆಯೊಳಗ ಕನ್ನಡದಾಗ ಬರೀತಾರ. ಹೈಕೋರ್ಟಿನ ವ್ಯವಹಾರ 348ನೇ ವಿಧಿ ಪ್ರಕಾರ ಇಂಗ್ಲಿಷಿನಾಗ. ಧಾರವಾಡ ಪೀಠಕ್ಕ ಹೋಗೋ ಹೊತ್ತಿಗೆ ನಮ್ಮ ‘ಮನಿ ಮುಂದ’ ಅನ್ನೋದನ್ನ ಯಾರೋ ‘ಇನ್ ದಿ ಹೌಸ್’ ಅಂತ ಬರೆದರ ಮುಗೀತು. ಅನುವಾದಕ್ಕಿಂತ ಮೊದಲೇ, ಕನ್ನಡದ ದೂರಿನಾಗೇ ‘ಒಳಗ’ ಏನು, ‘ಮುಂದ’ ಏನು, ಯಾರ ‘ಎದುರಿಗೆ’ ಅನ್ನೋದು ಹೆಸರು ಸಹಿತ ಸ್ಪಷ್ಟ ಇರಬೇಕು. ‘ಮನೆಯ ಬಳಿ’ ಅಂತ ಒಂದು ಸೋಮಾರಿ ಪದ ಇಟ್ಟು ಕೇಸು ಸಡಿಲ ಮಾಡೋದನ್ನ ನಾವೆಲ್ಲ ನೋಡೇವಿ.

ಒಂದೊಂದ್ಸಲ ಈ ಸಣ್ಣ ಪದ ನೋಡಿದ್ರ ಸಂಕಟ ಆಗತೈತಿ. ಜಾತಿ ಪ್ರಮಾಣಪತ್ರದಾಗ ‘ಬಿಲಾಂಗ್ಸ್ ಟು’ ಅಂತ ಇರತೈತಿ, ಇಂಥವನು ಇಂಥ ಜಾತಿಗೆ ಸೇರಿದವನು. ‘ದಿ ಲ್ಯಾಂಡ್ ಬಿಲಾಂಗ್ಸ್ ಟು’ ಅಂತ ಬಂದಾಗ ಮುಂದ ಇರೋ ಹೆಸರು ಬ್ಯಾರೆಯವರದು. ಒಂದೇ ಕ್ರಿಯಾಪದ, ಒಂದೇ ‘ಟು’. ಸವದತ್ತಿ ಗುಡ್ಡದಾಗ ನಮ್ಮ ಹೆಣ್ಣುಮಕ್ಕಳನ್ನ ‘ಯಲ್ಲಮ್ಮಗ ಬಿಟ್ಟರು’. 1982ರ ದೇವದಾಸಿ ನಿಷೇಧ ಕಾಯ್ದೆಯ ಇಂಗ್ಲಿಷಿನಾಗ ಅದು ‘ಡೆಡಿಕೇಟ್’, ಪುಸ್ತಕ ಅರ್ಪಣೆ ಮಾಡಿದಂಗ. ‘ಬಿಟ್ಟರು’ ಅನ್ನೋದೇ ನಿಜ ಹೇಳತೈತಿ.

ಬಾಬಾಸಾಹೇಬರು ಇದನ್ನ ಹುಟ್ಟುತ್ತಲೇ ಕಲಿತು ಬಂದವರಲ್ಲ. ತಂದೆ ರಾಮಜಿಯವರು ಮಗನಿಗೆ ಹೋವರ್ಡ್ ಇಂಗ್ಲಿಷ್ ಪಾಠಪುಸ್ತಕ, ತರ್ಖಡ್ಕರ್ ಭಾಷಾಂತರ ಪಾಠಮಾಲೆ ಇಟ್ಟು ತಾವೇ ಕೂತು ಓದಿಸಿದರು. ಮನಿಮಾತಿನಿಂದ ಇಂಗ್ಲಿಷಿಗೆ, ವಾಕ್ಯಕ್ಕ ವಾಕ್ಯ. ಮುಂದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಒಂದೊಂದು ಪದಕ್ಕ ಸಭೆಯಲ್ಲಿ ಉತ್ತರ ಕೊಟ್ಟವರು ಅವರೇ.

ನಮ್ಮ ಹಾಸ್ಟೆಲುಗಳಲ್ಲಿ ಇದನ್ನ ಮಾಡೋಣ. ‘ಅಪ್ಲೈ’ ಅಂತ ಒಂಟಿ ಪದ ಬಾಯಿಪಾಠ ಮಾಡಿಸಬ್ಯಾಡ್ರಿ. ‘ತಹಶೀಲ್ದಾರರಿಗೆ ಅರ್ಜಿ’, ‘ಸರ್ಟಿಫಿಕೇಟಿಗೆ ಅರ್ಜಿ’, ಕನ್ನಡದಾಗ ಎರಡಕ್ಕೂ ಒಂದೇ ‘ಗೆ’. ಇಂಗ್ಲಿಷಿನಾಗ ಮೊದಲನೇದಕ್ಕ ‘ಅಪ್ಲೈ ಟು’, ಎರಡನೇದಕ್ಕ ‘ಅಪ್ಲೈ ಫಾರ್’. ಹಿಂಗ ಜೋಡಿ ಹಚ್ಚಿ ಕಲಿಸ್ರಿ. ‘ಕಂಪ್ಲೇನ್ ಟು’ ಪಿಎಸ್‌ಐ, ‘ಕಂಪ್ಲೇನ್ ಅಬೌಟ್’ ಕುಡಿಯೋ ನೀರು. ‘ಡಿಪ್ರೈವ್ ಆಫ್’ ಭೂಮಿ. ಗುಡಿ ವಿಷಯಕ್ಕ ‘ಎಂಟರ್’ ಮುಂದ ಏನೂ ಬ್ಯಾಡ, ‘ಎಂಟರ್ ದಿ ಟೆಂಪಲ್’, ನೆಟ್ಟಗ ಒಳಗ ಹೋಗೋದು. ತಡೆದವನ ಬಗ್ಗೆ ಬರೆಯೋವಾಗ ಮಾತ್ರ ‘ಪ್ರಿವೆಂಟ್’ ಜೋಡಿ ‘ಫ್ರಮ್’ ಬೇಕು. ನಮ್ಮ ಬಾಳಿನ ವಾಕ್ಯ ಇದ್ರ ಹುಡುಗರಿಗೆ ಮರೆಯೋದಿಲ್ಲ.

ಇಂಗ್ಲಿಷ್-ಕನ್ನಡ ನಿಘಂಟು ಸಾಮಾನ್ಯವಾಗಿ ಅರ್ಥ ಹೇಳತೈತಿ, ಮುಂದ ಯಾವ ಪದ ಬರಬೇಕು ಅಂತ ಹೇಳೋದಿಲ್ಲ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯೊಳಗ ಅದು ಉದಾಹರಣೆ ಸಹಿತ ಸಿಗತೈತಿ. ಏಪ್ರಿಲ್ 14ಕ್ಕ ಫ್ಲೆಕ್ಸಿಗೆ ಹಾಕೋ ರೊಕ್ಕದಾಗ ಒಂದು ಫ್ಲೆಕ್ಸ್ ಕಡಿಮೆ ಮಾಡಿ, ನಾಲ್ಕೂ ತಾಲೂಕಿನ ಹಾಸ್ಟೆಲಿಗೆ ಒಂದೊಂದು ಪ್ರತಿ ಕೊಡಿಸೋಣ. ಬೈಲಹೊಂಗಲದ ಪ್ರತಿ ನನ್ನದು. ಉಳಿದ ಮೂರಕ್ಕ ಯಾರ್ ಬರ್ತೀರಿ, ಕೆಳಗ ಹೆಸರು ಬರೀರಿ.

ಜೈ ಭೀಮ್.