ಹಾಡು ಗೆಲ್ಲಲಿ ಎಂದು ಹಂಬಲಿಸುವ ಮಕ್ಕಳ ಪರವಾಗಿ

ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಈಚೆಗೆ ಒಂದು ದೂರು ಪದೇ ಪದೇ ಕೇಳಿಬರುತ್ತಿದೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಮ್ಮ ಹದಿಹರೆಯದವರು ಕನ್ನಡದ ಒಂದು ಪುಸ್ತಕವನ್ನೂ ತೆರೆದು ನೋಡುವುದಿಲ್ಲ; ಆದರೆ ಬೆಂಗಳೂರಿನಲ್ಲಿ ಬಿಡುಗಡೆಯಾದ ಯಾವುದೋ ಸಿನಿಮಾ ಹಾಡನ್ನು ಎಷ್ಟು ಲಕ್ಷ ಮಂದಿ ನೋಡಿದರೆಂದು ಗಳಿಗೆಗೊಮ್ಮೆ ಮೊಬೈಲು ತೆರೆದು ಲೆಕ್ಕ ಹಾಕುತ್ತಾರೆ. ಲೆಕ್ಕ ಕೋಟಿ ಮುಟ್ಟಿದ ದಿನ ತಾವೇ ಪರೀಕ್ಷೆಯಲ್ಲಿ ಗೆದ್ದವರಂತೆ ಕುಣಿಯುತ್ತಾರೆ. ಇದೆಂಥ ಕನ್ನಡಾಭಿಮಾನ ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆಯ ಧಾಟಿಯಲ್ಲೇ ತೀರ್ಪೂ ಇದೆ. ಆ ತೀರ್ಪನ್ನು ನಾವು ಒಪ್ಪುವುದಿಲ್ಲ.

ಎಣಿಸುವ ಚಟ ಹದಿಹರೆಯದವರ ಸೊತ್ತೇನೂ ಅಲ್ಲ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂಬ ಮಾತಿಲ್ಲದ ರಾಜ್ಯೋತ್ಸವ ಭಾಷಣವನ್ನು ಹೊರನಾಡಿನಲ್ಲಿ ಕೇಳಿದವರು ಯಾರಾದರೂ ಇದ್ದರೆ ತಿಳಿಸಬೇಕು. ಕುವೆಂಪು ಅವರಿಂದ ಚಂದ್ರಶೇಖರ ಕಂಬಾರರವರೆಗೆ ಬೆರಳು ಮಡಚುತ್ತ ಹೋಗಿ, ಮರಾಠಿಗೆ ನಾಲ್ಕೇ ಎಂದು ಮೆಲುದನಿಯಲ್ಲಿ ಸೇರಿಸುವುದೂ ಉಂಟು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಂಭ್ರಮಿಸಿದವರಲ್ಲಿ ಅವರ ಒಂದಾದರೂ ಕಥೆಯನ್ನು ಅದಕ್ಕೆ ಮೊದಲೇ ಓದಿದ್ದವರು ಎಷ್ಟು ಮಂದಿ? ಓದದವರ ಸಂತೋಷ ಸುಳ್ಳೆಂದು ನಾವು ಹೇಳುತ್ತಿಲ್ಲ. ಆ ಸಂತೋಷ ನಿಜವೇ ಆಗಿತ್ತು. ನಮ್ಮ ಮಾತು ಆಡುವವರು ಇದ್ದಾರೆಂದು ಲೋಕಕ್ಕೆ ಒಂದು ದಿನವಾದರೂ ಗೊತ್ತಾಯಿತಲ್ಲ ಎಂಬ ಸಂತೋಷ ಅದು. ಹದಿನೈದರ ಹುಡುಗಿ ಹಾಡಿನ ಲೆಕ್ಕ ನೋಡಿ ಪಡುವ ಸಂತೋಷವೂ ಇದೇ ಜಾತಿಯದು. ಒಂದಕ್ಕೆ ಶಾಲು, ಇನ್ನೊಂದಕ್ಕೆ ಬೈಗುಳ ಏಕೆ?

ಹಾಡನ್ನು ಗೆಲ್ಲಿಸಲು ಹೊರಡುವವರು ನಿಜವಾಗಿ ಬಯಸುವುದೇನು? ಇದಕ್ಕೆ ಹಳೆಯ ಉತ್ತರವೊಂದಿದೆ. ರೇಡಿಯೋ ಸಿಲೋನಿನಲ್ಲಿ 1952ರಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಗಿ, ಅಮೀನ್ ಸಯಾನಿಯವರು ವಾರವಾರವೂ ಹಾಡುಗಳನ್ನು ಮೆಟ್ಟಿಲು ಹತ್ತಿಸಿ ಇಳಿಸತೊಡಗಿದ ಮೇಲೆ ದೇಶಕ್ಕೆ ಈ ಆಟ ಅಂಟಿತು. ಆ ಕಾಲದಲ್ಲಿ ಬಿಹಾರದಲ್ಲಿದ್ದ, ಈಗ ಜಾರ್ಖಂಡಿಗೆ ಸೇರಿದ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಗಳ ಊರಿನಿಂದ ಹಾಡು ಕೋರಿ ರೇಡಿಯೋಗೆ ಬರುತ್ತಿದ್ದ ಕಾಗದಗಳಿಗೆ ಲೆಕ್ಕವೇ ಇರಲಿಲ್ಲ. ಅವರಿಗೆ ಹಾಡು ಬೇಕಿರಲಿಲ್ಲವೆಂದಲ್ಲ. ಹಾಡಿಗೆ ಮುನ್ನ ಉದ್ಘೋಷಕರು ತಮ್ಮ ಹೆಸರನ್ನೂ ಊರನ್ನೂ ಉಚ್ಚರಿಸುವುದು ಅದಕ್ಕಿಂತ ಹೆಚ್ಚಾಗಿ ಬೇಕಿತ್ತು. ಭೂಪಟದಲ್ಲಿ ಹುಡುಕಬೇಕಾದ ಊರು ಹೀಗೆ ದೇಶದ ಬಾಯಲ್ಲಿ ನಿಂತಿತು. ನಮ್ಮ ಮಕ್ಕಳ ಮೊಬೈಲಿನಲ್ಲಿ ನಡೆಯುತ್ತಿರುವುದು ಆ ಕಾಗದ ಬರೆಯುವ ಕೆಲಸವೇ.

ಅವರು ಬೆಳೆಯುವ ಶಬ್ದಲೋಕವನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಗಣೇಶೋತ್ಸವದಲ್ಲಿ ಮರಾಠಿ ಹಾಡು, ನವರಾತ್ರಿಯಲ್ಲಿ ಗರ್ಬಾ, ಮದುವೆಯ ಹಳದಿಗೆ ಹಿಂದಿ, ಕಾಲೇಜಿನ ಉತ್ಸವಕ್ಕೆ ಪಂಜಾಬಿ, ಇಯರ್‌ಫೋನಿನಲ್ಲಿ ಕೊರಿಯನ್. ಕನ್ನಡ ಅಥವಾ ತುಳು ಅಡುಗೆಮನೆಯಿಂದ ಹೊಸ್ತಿಲವರೆಗೆ ಬಂದು ಅಲ್ಲಿಯೇ ಚಪ್ಪಲಿಯ ಪಕ್ಕದಲ್ಲಿ ನಿಲ್ಲುತ್ತದೆ. 2016ರಲ್ಲಿ ‘ಸೈರಾಟ್’ ಚಿತ್ರಕ್ಕೆ ಅಜಯ್-ಅತುಲ್ ಮಾಡಿದ ‘ಝಿಂಗಾಟ್’ ಹಾಡು ಈ ಉಪನಗರಗಳ ಬೆಂಜೋ ತಂಡಗಳನ್ನು ಹೇಗೆ ಆವರಿಸಿತೆಂಬುದು ಇಲ್ಲಿ ವಾಸಿಸುವ ಎಲ್ಲರಿಗೂ ನೆನಪಿದೆ. ನಮ್ಮ ಮಕ್ಕಳೂ ಅದಕ್ಕೆ ಮನಸಾರೆ ಕುಣಿದರು. ಕುಣಿದು ಬಂದು ಕೇಳಿಕೊಂಡ ಪ್ರಶ್ನೆ ಒಂದೇ: ಇಡೀ ಓಣಿ ಹೀಗೆ ಕುಣಿಯುವ ಹಾಡು ನಮ್ಮ ಭಾಷೆಯಲ್ಲಿ ಯಾವುದು? ಮರುವರ್ಷ ‘ಸೈರಾಟ್’ ಚಿತ್ರವೇ ‘ಮನಸು ಮಲ್ಲಿಗೆ’ಯಾಗಿ, ಅವೇ ರಾಗಗಳನ್ನು ಹೊತ್ತು ಕನ್ನಡಕ್ಕೆ ಬಂತು. ಅದರ ಹಾಡನ್ನು ಇಲ್ಲಿಯ ಹುಡುಗರು ಎತ್ತಿಹಿಡಿದು ಮೆರೆಸಿದ್ದನ್ನು ನಾವು ಕಾಣೆವು. ಪಕ್ಕದ ಮನೆಯ ಗೆಳೆಯ ಮೂಲವನ್ನೇ ಬಾಯಿಪಾಠ ಹಾಡುವಾಗ ಸಾಲದ ಹಾಡನ್ನು ಹಿಡಿದು ಎದೆಯುಬ್ಬಿಸುವುದು ಹೇಗೆ? ಆದ್ದರಿಂದ ಮಕ್ಕಳು ಕನ್ನಡದ ಎಲ್ಲ ಹಾಡುಗಳ ಹಿಂದೆಯೂ ಓಡುತ್ತಾರೆಂಬ ಮಾತು ಸುಳ್ಳು. ಅವರು ಆರಿಸುತ್ತಾರೆ. ಹೊಸ್ತಿಲು ದಾಟಬಲ್ಲ ಕಾಲಿದ್ದು, ದಾಟಿದ ಮೇಲೂ ಕನ್ನಡವಾಗಿಯೇ ಉಳಿಯುವ ಹಾಡನ್ನು ಆರಿಸುತ್ತಾರೆ.

ದಾಟುವಾಗ ಕನ್ನಡವನ್ನು ಕಳಚಿಟ್ಟು ಬರುವ ಹಾಡುಗಳ ಕಥೆ ಅವರಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಬಂತು. ನಾಯಕ ಬೆಳೆದು ದೊಡ್ಡವನಾಗುವುದು ನಮ್ಮದೇ ಮುಂಬಯಿಯಲ್ಲಿ. ಕನ್ನಡದ ಆವೃತ್ತಿಯಲ್ಲಿ 1970ರ ‘ಪರೋಪಕಾರಿ’ ಚಿತ್ರದ ‘ಜೋಕೆ’ ಹಾಡು ಹೊಸ ವೇಷ ತೊಟ್ಟು, ತಮನ್ನಾ ಅವರ ಕುಣಿತದೊಡನೆ ಬಂದಿತು. ಹಿಂದಿ ಆವೃತ್ತಿಯಲ್ಲಿ ಆ ಜಾಗದಲ್ಲಿ ‘ಜೋಕೆ’ಯೇ ಇಲ್ಲ, 1989ರ ‘ತ್ರಿದೇವ್’ ಚಿತ್ರದ ‘ಗಲಿ ಗಲಿ’ ಬಂದು ಕುಳಿತಿತು, ಕುಣಿದವರು ಮೌನಿ ರಾಯ್. ವ್ಯಾಪಾರದ ದೃಷ್ಟಿಯಿಂದ ಸರಿಯಾದ ನಿರ್ಧಾರವೇ ಇರಬಹುದು. ಆದರೆ ಕಲ್ಯಾಣದ ಚಿತ್ರಮಂದಿರದಲ್ಲಿ ಹಿಂದಿ ಆವೃತ್ತಿಗೆ ಕುಳಿತ ಕನ್ನಡದ ಹುಡುಗ ಕಲಿತ ಪಾಠವೇನು? ಕನ್ನಡದ ಸಿನಿಮಾ ಇಲ್ಲಿಗೆ ಬರಬಹುದು, ಕನ್ನಡದ ನೆನಪು ಬರಲಾಗದು. ‘ಪರೋಪಕಾರಿ’ಯನ್ನು ಅವನು ಕಂಡಿಲ್ಲ, ಅವನ ಅಜ್ಜ ಕಂಡಿದ್ದಾರೆ. ಅಜ್ಜನ ನೆನಪಿಗೂ ಮೊಮ್ಮಗನ ಮೋಜಿಗೂ ಸೇತುವೆಯಾಗಬಹುದಾಗಿದ್ದ ಹಾಡನ್ನು ದಾರಿಯಲ್ಲೇ ಇಳಿಸಿಬಿಡಲಾಯಿತು. 2022ರಲ್ಲಿ ‘ವಿಕ್ರಾಂತ್ ರೋಣ’ದ ‘ರಾ ರಾ ರಕ್ಕಮ್ಮ’ ಹಲವು ಭಾಷೆಗಳಲ್ಲಿ ಬಂದಾಗ ಈ ಹುಡುಗರು ಜಾಗೃತರಾಗಿದ್ದರು. ಸೊಸೈಟಿಯ ಸಮಾರಂಭದಲ್ಲಿ ಹಿಂದಿಯದು ಮೊಳಗಿದರೆ ಡಿಜೆಯವನ ಬಳಿ ಹೋಗಿ ‘ಭೈಯಾ, ಕನ್ನಡವಾಲಾ ಲಗಾವ್ ನಾ’ ಎಂದು ಪಟ್ಟು ಹಿಡಿಯುವವರು ಅವರೇ. ಆ ಹಾಡನ್ನು ಕಾವ್ಯವೆಂದು ನಾವು ವಾದಿಸುತ್ತಿಲ್ಲ. ಡಿಜೆಯವನ ಮುಂದೆ ನಿಂತು ಆಡಿದ ಆ ನಾಲ್ಕು ಮಾತನ್ನು ಮಾತ್ರ ನಮ್ಮ ಎಷ್ಟೋ ಠರಾವುಗಳಿಗಿಂತ ದೊಡ್ಡದೆಂದು ಎಣಿಸುತ್ತೇವೆ.

ಇದಕ್ಕೆ ತದ್ವಿರುದ್ಧವಾದುದು 2024ರಲ್ಲಿ ನಡೆಯಿತು. ಗಣೇಶ್ ನಟಿಸಿದ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಹಾಡು. ಬರೆದವರು ವಿ. ನಾಗೇಂದ್ರ ಪ್ರಸಾದ್, ರಾಗ ಹಾಕಿದವರು ಅರ್ಜುನ್ ಜನ್ಯ, ಹಾಡಿದವರು ಜಸ್ಕರಣ್ ಸಿಂಗ್. ಕಿರುತೆರೆಯ ಕನ್ನಡ ಗಾಯನ ಸ್ಪರ್ಧೆಯಿಂದ ಮನೆಮಾತಾದ ಪಂಜಾಬಿನ ತರುಣ. ಕನ್ನಡದವರೇ ಬೇರೆಯವರ ಭಾಷೆಗೆ ಹೊಂದಿಕೊಳ್ಳಬೇಕೆಂಬುದನ್ನು ಹುಟ್ಟಿನಿಂದ ಕಂಡ ಮಕ್ಕಳಿಗೆ ಪೇಟ ಸುತ್ತಿದ ಸರ್ದಾರರೊಬ್ಬರು ಕನ್ನಡವನ್ನು ಕಷ್ಟಪಟ್ಟು ಕಲಿತು, ಪ್ರೀತಿಯಿಂದ ಹಾಡುವುದು ಎಂಥ ದೃಶ್ಯವಾಗಿತ್ತೆಂಬುದು ಕರ್ನಾಟಕದೊಳಗೆ ಕುಳಿತವರಿಗೆ ಪೂರ್ತಿ ಅರ್ಥವಾಗಲಾರದು. ಅದನ್ನು ಅವರು ತಮ್ಮ ಹಾಡಿನಂತೆ ಹೊತ್ತು ಮೆರೆಸದೆ ಇನ್ನೇನು ಮಾಡಬೇಕಿತ್ತು?

ಇಲ್ಲಿ ಒಂದು ಆಕ್ಷೇಪಕ್ಕೆ ತೂಕವಿದೆ. ಈ ಲೆಕ್ಕಗಳೆಲ್ಲ ಮಾರುಕಟ್ಟೆಯ ಮಾಯೆ, ಮಕ್ಕಳು ಆಡಿಯೋ ಕಂಪನಿಗಳ ಸಂಬಳವಿಲ್ಲದ ನೌಕರರು ಎಂದು ಕೆಲವರು ಹೇಳುತ್ತಾರೆ. ಲೆಕ್ಕವನ್ನು ದುಡ್ಡು ಕೊಟ್ಟು ಉಬ್ಬಿಸಬಹುದೆಂಬುದು ನಿಜ. 2019ರಲ್ಲಿ ಬಾದ್‌ಶಾಹ್ ಅವರ ‘ಪಾಗಲ್’ ಹಾಡು ಒಂದೇ ದಿನದಲ್ಲಿ 7 ಕೋಟಿಗೂ ಹೆಚ್ಚು ವೀಕ್ಷಣೆ ಕಂಡು ಕೊರಿಯದ ಬಿ.ಟಿ.ಎಸ್. ತಂಡದ ದಾಖಲೆಯನ್ನು ಮುರಿಯಿತೆಂದು ಸುದ್ದಿಯಾಯಿತು. ಜಾಹೀರಾತಿನ ಮೂಲಕ ಬಂದ ವೀಕ್ಷಣೆಯೂ ಅದರಲ್ಲಿ ಸೇರಿತ್ತೆಂಬ ಚರ್ಚೆ ಎದ್ದಿತು. ಅದೇ ಸೆಪ್ಟೆಂಬರಿನಲ್ಲಿ ಯೂಟ್ಯೂಬ್, ಹಣ ತೆತ್ತ ಜಾಹೀರಾತಿನ ವೀಕ್ಷಣೆಗಳನ್ನು ಇಪ್ಪತ್ತನಾಲ್ಕು ಗಂಟೆಗಳ ದಾಖಲೆಗೆ ಸೇರಿಸುವುದಿಲ್ಲವೆಂದು ನಿಯಮ ಬದಲಿಸಿತು. ಹೀಗೆ ಸಂಖ್ಯೆ ಕೆಡಬಹುದು. ಆದರೆ ಕೆಟ್ಟ ತಕ್ಕಡಿಯನ್ನು ತೋರಿಸಿ ತೂಗಲು ಬಂದವನ ಹಸಿವೇ ಸುಳ್ಳೆನ್ನುವುದು ನ್ಯಾಯವಲ್ಲ. ಮಕ್ಕಳಿಗೆ ಹೇಳಬೇಕಾದುದು ತಕ್ಕಡಿಯ ಮೋಸವನ್ನು. ಅದನ್ನು ಅವರು ನಮಗಿಂತ ಬೇಗ ಗ್ರಹಿಸುತ್ತಾರೆ.

ಸಾಹಿತ್ಯದ ಪಾವಿತ್ರ್ಯದ ವಾದವಂತೂ ಮುಂಬಯಿ ಕನ್ನಡಿಗರ ಬಾಯಲ್ಲಿ ಶೋಭಿಸುವುದೇ ಇಲ್ಲ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯಲ್ಲಿ ಒಂದು ಇಡೀ ತಲೆಮಾರಿನ ಹದಿಹರೆಯದವರನ್ನು ಹಿಡಿದ ‘ಅನಿಸುತಿದೆ’ ಹಾಡನ್ನು ಬರೆದವರು ಯಾರು? ಎರಡು ದಶಕಗಳಿಗೂ ಹೆಚ್ಚು ಕಾಲ ಈ ನಗರದಲ್ಲಿ ದುಡಿದು, ಇಲ್ಲಿನ ಚಾಳುಗಳನ್ನೂ ಲೋಕಲ್ ರೈಲುಗಳನ್ನೂ ಕಥೆಗಳಲ್ಲಿ ಕಾಣಿಸಿದ ಜಯಂತ ಕಾಯ್ಕಿಣಿ. ರಾಗ ಹಾಕಿದವರು ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ, ಹಾಡಿದವರು ಹಿಂದಿ ಚಿತ್ರಗಳ ಸೋನು ನಿಗಮ್. ಹೊರನಾಡಿನ ಅನುಭವವಿದ್ದವರೇ ಸೇರಿ ಕಟ್ಟಿದ ಆ ಹಾಡಿಗೆ ಮನಸೋತವರಲ್ಲಿ ಎಷ್ಟೋ ಜನ ಬಳಿಕ ಕಾಯ್ಕಿಣಿಯವರ ಕಥೆಗಳಿಗೂ ಬಂದರು. ಹಾಡು ಬಾಗಿಲಾಯಿತೆಂದು ಇದರ ಅರ್ಥ. ಎಲ್ಲ ಹಾಡುಗಳೂ ಬಾಗಿಲಾಗುತ್ತವೆ ಎಂದಲ್ಲ.

ಇನ್ನು, ನಮ್ಮ ಸಂಘಗಳ ಕಣ್ಣಿಗೆ ಬೀಳದ ಕನ್ನಡ ಒಂದಿದೆ. ನವಿ ಮುಂಬಯಿಯ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದವರ ಮಕ್ಕಳ ಮೊಬೈಲುಗಳಲ್ಲಿ ಮೊಳಗುವುದು ಮಾಳು ನಿಪನಾಳ ಅವರ ‘ನಾ ಡ್ರೈವರ್’. ಅದಕ್ಕೆ ಮೊದಲು, 2018ರ ‘ರ‍್ಯಾಂಬೋ 2’ ಚಿತ್ರಕ್ಕೆ ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದ ‘ಚುಟು ಚುಟು’. ಉತ್ತರ ಕರ್ನಾಟಕದ ಆ ಮಾತು ಸಿನಿಮಾದಲ್ಲಿ ಬಹುಕಾಲ ನಗೆಪಾತ್ರಗಳಿಗೇ ಮೀಸಲಾಗಿತ್ತು. ಅದೇ ಮಾತಿನ ಹಾಡು ಬೆಂಗಳೂರನ್ನೂ ಕುಣಿಸಿದಾಗ ತುರ್ಭೆಯ ಹುಡುಗನಿಗೆ ಆದ ಹಿಗ್ಗನ್ನು ಅಭಿರುಚಿಯ ಅಳತೆಗೋಲಿನಿಂದ ಅಳೆಯುವವರಿಗೆ ನಮ್ಮಲ್ಲಿ ಉತ್ತರವಿಲ್ಲ, ಬೇಸರವಿದೆ. ಅವನು ಯಾವ ಸಂಘದ ಸದಸ್ಯನೂ ಅಲ್ಲ. ಅವನನ್ನು ಯಾರೂ ಕರೆದಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಸರಳವಾಗಿದೆ. ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಅಧ್ಯಕ್ಷರ ಮಾತು, ಅತಿಥಿಗಳ ಮಾತು, ಸನ್ಮಾನ, ಸನ್ಮಾನಿತರ ಮಾತು ಎಲ್ಲ ಮುಗಿದು, ಸಭಿಕರು ಕೊನೆಯ ಲೋಕಲ್ ಹಿಡಿಯಲು ಏಳತೊಡಗಿದಾಗ ‘ಮಕ್ಕಳ ಮನರಂಜನೆ’ ಎಂದು ಹತ್ತು ನಿಮಿಷ ಕೊಡುವ ಪದ್ಧತಿ ನಿಲ್ಲಬೇಕು. ಹಾಡನ್ನು ಅವರೇ ಆರಿಸಲಿ. ಸಾಹಿತ್ಯವನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಂಡು ಬಂದರೆ ಆ ಚೀಟಿಯನ್ನು ಕಂಡು ಮುಖ ಸಿಂಡರಿಸುವ ಬದಲು, ತಾಲೀಮಿನ ವಾರಗಳಲ್ಲಿ ಅದೇ ಹಾಡನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಕೈಗೆ ಕೊಡಲು ನಮ್ಮಲ್ಲಿ ನಾಲ್ಕು ಜನ ಮುಂದೆ ಬರಲಿ. ನಾವು ಸಿದ್ಧರಿದ್ದೇವೆ. ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಕೋಣೆ ಸಿಕ್ಕರೆ ಸಾಕು. ತುರ್ಭೆಯಿಂದ ಬರುವವರ ರೈಲು ಟಿಕೆಟಿನ ಹಣವನ್ನು ಹೂಮಾಲೆಗಳ ಖರ್ಚಿನಿಂದ ಕಳೆಯಬಹುದು.