ಸೈಕಲ್‌ಗೆ ದಾರಿ ಬಿಟ್ಟರೆ ಕೊಪ್ಪಳಕ್ಕೇ ಲಾಭ

ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್ ದಂಪತಿ ಸೈಕಲ್ ಏರಿ ಅಲ್ಜೀರಿಯಾದಲ್ಲಿ ಅಟ್ಲಾಸ್ ಪರ್ವತ ದಾಟಿ ಸಹಾರಾ ಮರುಭೂಮಿಯವರೆಗೆ ಹೋಗಿಬಂದ ಕಥನ 1895ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ ಅವರು ಭಾರತಕ್ಕೂ ಬಂದರು. ಹಳೆಯ ದೇವಾಲಯಗಳನ್ನು ಹುಡುಕಿಕೊಂಡು ಈ ನಾಡಿನ ಬಯಲುಗಳಲ್ಲಿ 14 ಸಾವಿರ ಮೈಲಿ ಸೈಕಲ್ ತುಳಿದದ್ದನ್ನು 1904ರಲ್ಲಿ ಬರೆದರು. ಇಲ್ಲಿನ ಜನರನ್ನು ಅವರು ಕಂಡ ಕಣ್ಣಿನಲ್ಲಿ ಆ ಕಾಲದ ಬಿಳಿಯರ ದರ್ಪವಿತ್ತು, ನಿಜ. ಆದರೂ ಹೆಣ್ಣೊಬ್ಬಳು ಗಂಡನ ಸಮಕ್ಕೆ ಸಾವಿರಾರು ಮೈಲಿ ಸೈಕಲ್ ತುಳಿಯಬಲ್ಲಳು ಎಂಬುದನ್ನು ಅವರು ನೂರಿಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟರು. ಇಂಥದೊಂದು ಜೋಡಿ ಇವತ್ತು ಅಂಕೋಲೆಯ ಕಡಲತಡಿಯಿಂದ ಹೊರಟು, ಅರಬೈಲ್ ಘಾಟಿ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಗದಗ ದಾಟಿ ಕೊಪ್ಪಳದ ಬಯಲಿಗೆ ಬಂದರೆ ಅವರಿಗೆ ಇಲ್ಲಿ ನೆಮ್ಮದಿಯ ದಾರಿ ಇದೆಯೇ? ಇಲ್ಲ. ಆ ದಾರಿಯನ್ನು ಮಾಡಿಕೊಡುವುದು ಜಿಲ್ಲೆಯ ಪ್ರವಾಸೋದ್ಯಮಕ್ಕೆ ಬೇಕಾದ ಕೆಲಸ; ಅದಕ್ಕಿಂತ ಹೆಚ್ಚಾಗಿ ನಮ್ಮ ಮಕ್ಕಳಿಗೆ ಬೇಕಾದ ಕೆಲಸ. ಪರಊರಿನ ದಂಪತಿ ಹೆದರಿಕೆಯಿಲ್ಲದೆ ಸಾಗುವ ರಸ್ತೆಯೇ ನಮ್ಮೂರ ಹುಡುಗಿ ಹೆದರಿಕೆಯಿಲ್ಲದೆ ಹೈಸ್ಕೂಲಿಗೆ ಹೋಗುವ ರಸ್ತೆ.

ಸೈಕಲ್ ಸವಾರರಿಗೆ ಕೊಪ್ಪಳದಷ್ಟು ಒದಗಿಬರುವ ಜಿಲ್ಲೆಗಳು ಕಡಿಮೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಎರಿ, ಮಸಾರಿ ಹೊಲಗಳು, ಜೋಳ, ಸಜ್ಜೆ, ಅಲ್ಲಲ್ಲಿ ದಾಳಿಂಬೆ ತೋಟ. ಹಸಿರು ಎಲ್ಲಿ ಮುಗಿಯುತ್ತದೆ, ಬರ ಎಲ್ಲಿ ಶುರುವಾಗುತ್ತದೆ ಎಂಬುದು ಕಾರಿನ ಕಿಟಕಿಯಿಂದ ಗೊತ್ತಾಗುವುದಿಲ್ಲ. ಸೈಕಲ್ ಮೇಲೆ ಕೂತವರ ಮೈಗೆ ಅದು ತಾಕುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ, ಅಲ್ಲಿಗೆ ಹತ್ತಿರದ ಕುಕನೂರಿನ ನವಲಿಂಗ ಗುಡಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, ಬಣ್ಣದ ಗೊಂಬೆಗಳ ಕಿನ್ನಾಳ, ಆನೆಗೊಂದಿ, ಅಂಜನಾದ್ರಿ ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಒಂದು ಹಗಲಿನ ಸವಾರಿಯಷ್ಟು ದೂರ. ಹಿರೇಬೆಣಕಲ್ಲಿನ ಮೊರೇರ ಗುಡ್ಡದಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ನೂರಾರು ಶಿಲಾಗೋರಿಗಳಿವೆ; ನಗಾರಿಯಂಥ ಒಂದು ಬಂಡೆಯನ್ನು ಬಡಿದರೆ ಅದರ ನಾದ ಗುಡ್ಡದಾಚೆಗೂ ಕೇಳುತ್ತದೆ. ಇಷ್ಟೆಲ್ಲ ಇದ್ದೂ ಬರುವವರಲ್ಲಿ ಹೆಚ್ಚಿನವರು ಅಂಜನಾದ್ರಿಯ ಮೆಟ್ಟಿಲು ಹತ್ತಿ ಇಳಿದು ಸಂಜೆಯೊಳಗೆ ಹೊರಟುಬಿಡುತ್ತಾರೆ. ಸೈಕಲ್‌ನಲ್ಲಿ ಬರುವವರಿಗೆ ಹಾಗೆ ಓಡಲಾಗದು. ಅವರು ದಾರಿಯ ಊರಿನಲ್ಲಿ ಚಹಾ ಕುಡಿಯುತ್ತಾರೆ, ಖಾನಾವಳಿಯಲ್ಲಿ ರೊಟ್ಟಿ ಉಣ್ಣುತ್ತಾರೆ, ಪಂಕ್ಚರ್ ಹಾಕಿಸುತ್ತಾರೆ, ರಾತ್ರಿ ತಂಗುತ್ತಾರೆ. ಅವರ ದುಡ್ಡು ಹಳ್ಳಿಯಲ್ಲೇ ಉಳಿಯುತ್ತದೆ.

ವೇಗದ ಸಂಚಾರವನ್ನೇ ಅಭಿವೃದ್ಧಿ ಎಂದುಕೊಂಡದ್ದರ ಬೆಲೆಯನ್ನು ಈ ಭಾಗ ಒಮ್ಮೆ ತೆತ್ತಿದೆ. ಆನೆಗೊಂದಿ ಬಳಿ ತುಂಗಭದ್ರೆಗೆ ವಾಹನಗಳಿಗಾಗಿ ಸೇತುವೆ ಕಟ್ಟಲು ಹೊರಟಾಗ ನದಿಯಾಚೆಯ ಹಂಪಿ 1999ರಲ್ಲಿ ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಸೇರಿತು. ಹೊರಬರಲು 2006ರವರೆಗೆ ಕಾಯಬೇಕಾಯಿತು. ಮುಂದೆ 2009ರಲ್ಲಿ ಕಾಮಗಾರಿ ನಡೆದಿರುವಾಗಲೇ ಆ ಸೇತುವೆ ಕುಸಿದುಬಿತ್ತು. ನದಿ ದಾಟುವುದು ಜನರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕಲ್ಲುಗಳ ನಡುವೆ ಭಾರಿ ವಾಹನ ತರುವ ಹಾನಿಯನ್ನು ಸೈಕಲ್ ತರುವುದಿಲ್ಲ.

ಬಡ ಜಿಲ್ಲೆಗೆ ಇದೆಲ್ಲ ಉಳ್ಳವರ ಶೋಕಿ ಎಂಬ ಆಕ್ಷೇಪ ಬರುವುದು ಸಹಜ. ಆದರೆ ನಮ್ಮಲ್ಲಿ ಸೈಕಲ್ ಎಂದೂ ಶೋಕಿಯಾಗಿರಲಿಲ್ಲ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು; ಕೋವಿಡ್ ಹೊತ್ತಿಗೆ ಅದು ನಿಂತಿತು. ಅದೇ 2006ರಲ್ಲಿ ಬಿಹಾರ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು. ಶಾಲೆ ದೂರವಿದ್ದ ಊರುಗಳಲ್ಲೇ ಈ ಪರಿಣಾಮ ಹೆಚ್ಚು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿರುವಾಗ ಸೈಕಲ್ ಯಾಕೆ ಎನ್ನುವವರಿಗೆ ಉತ್ತರ ಇಷ್ಟೇ: ಟಿಕೆಟ್ ಉಚಿತವಾದ ಮಾತ್ರಕ್ಕೆ ಶಾಲೆಯ ಹೊತ್ತಿಗೆ ಪ್ರತಿ ಹಳ್ಳಿಗೆ ಬಸ್ ಬರುವುದಿಲ್ಲ. ಹೊಲಕ್ಕೆ, ಸಂತೆಗೆ, ಟ್ಯೂಷನ್‌ಗೆ ಹುಡುಗಿ ತನ್ನ ಹೊತ್ತಿಗೆ ತಾನೇ ಹೋಗಿಬರಲು ಸೈಕಲ್ಲೇ ಬೇಕು.

ಬಿಸಿಲಿನ ಮಾತೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ದೂರದ ಸವಾರಿ ಸಲ್ಲದು, ಒಪ್ಪಬೇಕು. ಆದರೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ, ಬೆಳೆ ನಿಂತಿರುವ ಕಾಲದಲ್ಲಿ, ಇದಕ್ಕಿಂತ ಒಳ್ಳೆಯ ಬಯಲು ಸಿಗುವುದಿಲ್ಲ. ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಸುರಕ್ಷತೆಯದು. 2025ರ ಮಾರ್ಚ್‌ನಲ್ಲಿ ಜಿಲ್ಲೆಯ ಸಾಣಾಪುರದ ಕಾಲುವೆ ಬಳಿ ಹೋಂಸ್ಟೇ ನಡೆಸುತ್ತಿದ್ದ ಮಹಿಳೆ ಮತ್ತು ವಿದೇಶಿ ಪ್ರವಾಸಿ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಅವರ ಜೊತೆಗಿದ್ದ ಯುವಕರನ್ನು ದುಷ್ಕರ್ಮಿಗಳು ಕಾಲುವೆಗೆ ತಳ್ಳಿದರು; ಆ ಯುವಕರಲ್ಲಿ ಒಬ್ಬರು ಸತ್ತರು. ಆ ಕ್ರೌರ್ಯವನ್ನು ಯಾರೂ ಮರೆಮಾಚಬಾರದು. ಹಾಗೆಂದು ಪ್ರವಾಸಿಗರು ಬಾರದಿರಲಿ, ಹೆಣ್ಣುಮಕ್ಕಳು ಹೊರಬೀಳದಿರಲಿ ಎಂದರೆ ದಾರಿಯನ್ನು ಅಪರಾಧಿಗಳಿಗೆ ಬಿಟ್ಟುಕೊಟ್ಟಂತೆ. ದೀಪವಿರುವ, ಪೊಲೀಸ್ ಗಸ್ತಿರುವ, ಜನ ಸದಾ ಓಡಾಡುವ ದಾರಿಯಲ್ಲಿ ದುಷ್ಟರ ಧೈರ್ಯ ಕುಗ್ಗುತ್ತದೆ. ಆ ಓಡಾಟವನ್ನು ತುಂಬಬೇಕಾದವರು ಸೈಕಲ್ ಸವಾರರೂ ಪಾದಚಾರಿಗಳೂ.

ಹಾಗಾದರೆ ಆಗಬೇಕಾದ್ದೇನು? ಗಿಣಿಗೇರಾ ಸುತ್ತ ಕಾರ್ಖಾನೆಗಳ ಲಾರಿಗಳು ಒಂದರ ಹಿಂದೊಂದು ಸಾಗುವ ಹೆದ್ದಾರಿಯಲ್ಲಿ ಸೈಕಲ್‌ಗೆ ಉಳಿಯುವುದು ಧೂಳು ತುಂಬಿದ ಅಂಚು ಮಾತ್ರ. ಆದ್ದರಿಂದ ಇಟಗಿ, ಕುಕನೂರು, ಕೊಪ್ಪಳ, ಕಿನ್ನಾಳ, ಹಿರೇಬೆಣಕಲ್, ಆನೆಗೊಂದಿಗಳನ್ನು ಹಳ್ಳಿ ರಸ್ತೆಗಳ ಮೂಲಕವೇ ಜೋಡಿಸಿ, ಕನ್ನಡದ ಫಲಕ ನೆಡಬೇಕು. ಹೆದ್ದಾರಿ ತಪ್ಪಿಸಲಾಗದ ಕಡೆ ಡಾಂಬರು ಹಾಕಿದ ಪ್ರತ್ಯೇಕ ಅಂಚು ಕೊಡಬೇಕು. ದಾರಿಯ ಗ್ರಾಮ ಪಂಚಾಯಿತಿಗಳಲ್ಲಿ ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇರಬೇಕು. 2025ರಲ್ಲಿ ಕುಷ್ಟಗಿಗೆ ರೈಲು ಬಂದಿದೆ. ಅದರಲ್ಲಿ ಸೈಕಲ್ ಸಾಗಿಸುವುದು ಸಲೀಸಾದರೆ ಜಿಲ್ಲೆಯ ಆ ಭಾಗವೂ ಹೊರಗಿನವರಿಗೆ ತೆರೆಯುತ್ತದೆ. ಎಲ್ಲಕ್ಕೂ ಮೊದಲು ಶಾಲಾ ಮಕ್ಕಳ ಸೈಕಲ್ ಯೋಜನೆ ಪೂರ್ತಿಯಾಗಿ ಮರಳಬೇಕು. ಇವಕ್ಕೆ ಹೊಸ ನಿಗಮ, ಪ್ರಾಧಿಕಾರ ಯಾವುದೂ ಬೇಡ. ಸಂವಿಧಾನದ 371ಜೆ ವಿಧಿಯ ಅಡಿ ರಸ್ತೆಗೆ, ಶಾಲೆಗೆ ಬರುವ ಕಲ್ಯಾಣ ಕರ್ನಾಟಕದ ಅನುದಾನದಲ್ಲೇ ಒಂದು ಪಾಲು ತೆಗೆದಿಟ್ಟರೆ ಆಯಿತು. ಜಿಲ್ಲೆಯ ಶಾಸಕರೂ ಜಿಲ್ಲಾಡಳಿತವೂ ಮುಂದಿನ ಬೇಸಿಗೆಯೊಳಗೆ ಕೊಪ್ಪಳದಿಂದ ಆನೆಗೊಂದಿಯವರೆಗಿನ ಭಾಗವನ್ನಾದರೂ ಮಾಡಿ ತೋರಿಸಲಿ.